ಅರವತ್ತರ ಹಾಳೆ

ಡೆಪ್ಯುಟಿ ಪ್ರೂಯಿಟ್ ಕೌಂಟರಿನ ಗಾಜಿಗೆ ವಿನೆಗರ್ ಚಿಮುಕಿಸಿ ಹಳೆ ಪೇಪರಿನಿಂದ ಉಜ್ಜುತ್ತಿದ್ದಳು. ಶೆರಿಫ್ ಕಚೇರಿಯಲ್ಲಿ ಬೆಳಿಗ್ಗೆ ಅವಳ ಮೊದಲ ಕೆಲಸ ಅದು. ಒಳಗೆ ಬಂದ ವಯಸ್ಸಾದ ಹೆಂಗಸೊಬ್ಬರು ಗಾಜು ಒಣಗುವ ತನಕ ಕಾದು ನಿಂತರು. ಒಣಗಿದ ಮೇಲೆ ದಿನಸಿ ಅಂಗಡಿಯ ಕಾಗದದ ಚೀಲವೊಂದನ್ನು ಅದರ ಮೇಲಿಟ್ಟರು.

ಅವರು ನಡೀನ್ ಹಬರ್ಡ್. ಅವರ ಗಂಡ ರಾಯ್ಸ್ ಜುಲೈ ಐದರಂದು ಹೊಳೆಯ ತಗ್ಗು ಸೇತುವೆಯ ಹತ್ತಿರ, ತನ್ನ ಪಿಕಪ್ ಟ್ರಕ್ಕಿನಲ್ಲಿ, ಗುಂಡೇಟಿನಿಂದ ಸತ್ತಿದ್ದ. ಅವನ ಪಿಸ್ತೂಲು ಸ್ಥಳದಲ್ಲಿ ಸಿಕ್ಕಿರಲಿಲ್ಲ. ಮೊದಲ ಹೆಂಡತಿಯ ಮಗ ಕೋಡಿ ಹಿಂದಿನ ದಿನವಷ್ಟೇ ಸ್ವಾತಂತ್ರ್ಯ ದಿನದ ಹಬ್ಬದ ಊಟದಲ್ಲಿ ಎಲ್ಲರೆದುರು ಅಪ್ಪನ ಕಾಲರ್ ಹಿಡಿದಿದ್ದ. ಮರುದಿನ ಎಲ್ಲಿದ್ದೆ ಎಂದರೆ ಮಲಗಿದ್ದೆ ಎನ್ನುವುದಷ್ಟೇ ಅವನ ಉತ್ತರ. ಕೊಲೆ ಮತ್ತು ದರೋಡೆ ಎಂದು ಪ್ರಕರಣ ದಾಖಲಾಗಿ, ಕೋಡಿ ಅದೇ ಕಟ್ಟಡದ ಹಿಂಭಾಗದ ಜೈಲಿನಲ್ಲಿದ್ದ. ಮುಂದಿನ ವಾರ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವುದಿತ್ತು.

"ಕೋಡಿನ ಬಿಡಿ," ಅಂದರು ನಡೀನ್.

"ಅದು ನನ್ನ ಕೈಲಿಲ್ಲಮ್ಮ. ಇರಿ, ಸಾರ್ಜೆಂಟ್‌ನ ಕರೀತೀನಿ."

ತನಿಖೆ ನಡೆಸುತ್ತಿದ್ದ ಸಾರ್ಜೆಂಟ್ ಟ್ಯಾಕೆಟ್ ಕಾಫಿ ಕಪ್ಪು ಹಿಡಿದೇ ಬಂದರು. ಚೀಲದಲ್ಲಿ ಮೂರು ಪಿಸ್ತೂಲಿನ ಒರೆಗಳಿದ್ದವು. ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಸಿಕ್ಕಿಸಿ ಮೇಲೆ ಅಂಗಿ ಬಿಟ್ಟುಕೊಳ್ಳುವಂಥವು. ಕಂದು ಬಣ್ಣದ ಗಟ್ಟಿ ಪ್ಲಾಸ್ಟಿಕ್. ಮನೆಯಲ್ಲಿ ಮಾಡಿದ್ದು, ಯಾವ ಗುರುತೂ ಇಲ್ಲ.

"ಎಲ್ಲಿ ಸಿಕ್ತು?"

"ನಮ್ಮ ಜಗಲಿ ಮೇಲೆ. ರಾಯ್ಸ್‌ನ ಕುರ್ಚೀಲಿ. ವಾರಕ್ಕೊಂದು, ಭಾನುವಾರ. ನಾನು ಚರ್ಚಿಂದ ಬರೋ ಹೊತ್ತಿಗೆ ಅವನು ಕೂತಿರೋ ಥರ ಅಲ್ಲಿರುತ್ತೆ."

"ಮೊದಲನೇದು ಸಿಕ್ಕಾಗ ಯಾಕೆ ಬರಲಿಲ್ಲ?"

"ಯಾರೋ ಕುಚೋದ್ಯ ಮಾಡ್ತಿದಾರೆ ಅಂದ್ಕೊಂಡೆ. ಈ ಊರಲ್ಲಿ ಬುದ್ಧಿಗೇಡಿಗಳಿಗೆ ಬರವೇ? ಮೂರನೇದರ ಒಳಗೆ ಬೆರಳು ಹಾಕಿ ನೋಡಿ."

ಟ್ಯಾಕೆಟ್ ಬೆರಳು ಹಾಕಿದರು. ನುಣುಪಾದ ಗೋಡೆಯಲ್ಲಿ ಒಂದು ಕಡೆ ಮೆಕ್ಕೆಜೋಳದ ಅರ್ಧ ಕಾಳಿನಷ್ಟು ಉಬ್ಬು ತಗುಲಿತು.

"ರಾಯ್ಸ್ ಜಿಂಕೆ ಬೇಟೆಗೆ ಮರ ಹತ್ತಿ ತನ್ನ ಪಿಸ್ತೂಲನ್ನ ಬಂಡೆ ಮೇಲೆ ಬೀಳಿಸಿದ್ದ. ಅಲ್ಲೇ ಪಿಸ್ತೂಲಿಗೆ ತಗ್ಗು ಬಿದ್ದಿದ್ದು. ಅದನ್ನ ಎಣ್ಣೆ ಹಾಕಿ ಒರೆಸ್ತಿದ್ದೋಳು ನಾನು ಸಾರ್ಜೆಂಟ್. ಕಣ್ಣು ಮುಚ್ಚಿ ಹೇಳ್ತೀನಿ, ಅದು ಅವನದೇ." ನಡೀನ್ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡರು. "ಕೋಡಿ ನಿಮ್ಮ ಬೀಗದೊಳಗಿದಾನೆ. ಇದನ್ನ ಮಾಡಿದೋರು ಯಾರು?"

ಆ ಊರಿನಲ್ಲಿ ಒರೆ ಮಾಡುವ ರೀತಿ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಹಾಳೆಯನ್ನು ಓವನ್‌ನಲ್ಲಿಟ್ಟು ಮೆತ್ತಗಾಗಿಸಿ, ಪಿಸ್ತೂಲಿನ ಮೇಲೆ ಹೊದಿಸಿ, ಸ್ಪಂಜು ಹಾಕಿದ ಒತ್ತುಹಲಗೆಯೊಳಗೆ ಬಿಗಿಯಬೇಕು. ತಣ್ಣಗಾದರೆ ಪಿಸ್ತೂಲಿನ ಆಕಾರ ನಿಲ್ಲುತ್ತದೆ. ನಿಜವಾದದ್ದರ ಬದಲು ಅಂಗಡಿಯ ಅಚ್ಚು ಪಿಸ್ತೂಲು ಬಳಸುವವರೂ ಇದ್ದಾರೆ. ಆದರೆ ಅಚ್ಚು ಪಿಸ್ತೂಲು ಬಂಡೆಯ ಮೇಲೆ ಬಿದ್ದಿರುವುದಿಲ್ಲ.

ಟ್ಯಾಕೆಟ್ ಕ್ಯಾಲಿಪರ್ ತರಿಸಿ ದಪ್ಪ ಅಳೆದರು. ಹಾಳೆಯ ದಪ್ಪವನ್ನು ಅಂಗುಲದ ಸಾವಿರ ಭಾಗದಲ್ಲಿ ಹೇಳುವುದು ರೂಢಿ. ಮೊದಲು ಬಂದದ್ದು ತೊಂಬತ್ತಮೂರು. ಎರಡನೆಯದು ಎಂಬತ್ತು. ಮೂರನೆಯದು ಅರವತ್ತು. ಮೊದಲೆರಡರಲ್ಲಿ ಉಬ್ಬು ಇರಲಿಲ್ಲ. ದಪ್ಪ ಹಾಳೆಗೆ ಸಣ್ಣ ತಗ್ಗಿನೊಳಗೆ ಇಳಿಯಲು ಬರುವುದಿಲ್ಲ.

"ತೆಳು ಮಾಡ್ತಾ ಮಾಡ್ತಾ ಬಂದಿದಾನೆ," ಅಂದರು ಟ್ಯಾಕೆಟ್. "ಏನೋ ಸರಿಯಾಗಿ ಬರಲಿ ಅಂತ ಕಾಯ್ತಿದಾನೆ ಇವನು."

ಪ್ರೂಯಿಟ್ ಮೂರನ್ನೂ ಸಾಕ್ಷ್ಯದ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದಳು. ಮೂರನೆಯದನ್ನು ಮಾತ್ರ ಪೆನ್ನಿನ ತುದಿಯಿಂದ ಎತ್ತಿದಳು.

ಅಂದು ಮಧ್ಯಾಹ್ನ ಇಬ್ಬರೂ ಬಂದೂಕಿನ ಅಂಗಡಿಗೆ ಹೋದರು.

"ಇಲ್ಲಿ ಒರೆ ಮಾಡೋರು ಯಾರ್ಯಾರು?" ಟ್ಯಾಕೆಟ್ ಕೇಳಿದರು.

"ಹೆಂಡತಿ ಓವನ್ ಮುಟ್ಟೋಕೆ ಬಿಡೋ ಗಂಡಸರೆಲ್ಲ," ಅಂದ ಅಂಗಡಿಯವ. "ನನ್ನವಳು ಬಿಡಲ್ಲ. ಬಿಸ್ಕತ್ತೆಲ್ಲ ಟೈರಿನ ವಾಸನೆ ಹೊಡೆಯುತ್ತೆ ಅಂತಾಳೆ."

"ದೊಡ್ಡ ಪಿಸ್ತೂಲಿಗೆ ಅರವತ್ತರ ಹಾಳೆ ಹಾಕೋನು?"

ಅಂಗಡಿಯವನ ನಗು ನಿಂತಿತು. "ತಲೆ ನೆಟ್ಟಗಿರೋನು ಹಾಕಲ್ಲ. ಅಂಗಿ ಕೆಳಗೆ ಕಾಣಲ್ಲ, ಅದು ನಿಜ. ಆದರೆ ಬಿಸಿಲಲ್ಲಿ ಟ್ರಕ್ಕಿನ ಮುಂದಿನ ಗಾಜಿನ ಕೆಳಗೆ ಮರೆತು ಹೋದೆ ಅಂದ್ಕೊ. ಅದಕ್ಕೆ ತಾನು ಹಾಳೆಯಾಗಿದ್ದದ್ದು ನೆನಪಾಗುತ್ತೆ. ಮತ್ತೆ ಚಪ್ಪಟೆ ಆಗೋಕೆ ನೋಡುತ್ತೆ."

"ಓವನ್‌ಗೇ ವಾಪಸ್ ಹಾಕಿದ್ರೆ?" ಪ್ರೂಯಿಟ್ ಕೇಳಿದಳು.

"ಪೂರ್ತಿ ಚಪ್ಪಟೆ. ಒಳಗೊಂದು ಪಿಸ್ತೂಲಿತ್ತು ಅಂತ ಆಣೆ ಮಾಡಿದ್ರೂ ಯಾರೂ ನಂಬಲ್ಲ."

ಕಚೇರಿಗೆ ಮರಳಿ ಟ್ಯಾಕೆಟ್ ರಾಯ್ಸ್ ಪ್ರಕರಣದ ಕಡತ ತೆರೆದರು. ಗುಂಡು ಬಲಸೊಂಟದ ಹತ್ತಿರ ಹೊಕ್ಕು ತೊಡೆಯುದ್ದಕ್ಕೂ ಕೆಳಗಿಳಿದು ದೊಡ್ಡ ರಕ್ತನಾಳ ಕತ್ತರಿಸಿತ್ತು. ಸೀಟಿನಲ್ಲಿ ಹೊಯ್ಕೈ ನಡೆದಾಗ ಹಾಗಾಗಿರಬೇಕು ಎಂದು ಅವರೇ ಬರೆದಿದ್ದರು. ಪಂಚನಾಮೆಯಲ್ಲಿ ಇನ್ನೊಂದು ಸಾಲಿತ್ತು: ಪ್ಯಾಂಟಿನ ಸೊಂಟಪಟ್ಟಿಯ ಒಳಭಾಗ ಸುಟ್ಟಿದೆ, ಬೆಲ್ಟು ಬಿಚ್ಚಿದೆ. ಒಳಭಾಗ ಯಾಕೆ ಸುಟ್ಟಿತು ಎಂದು ಯಾರೂ ಕೇಳಿರಲಿಲ್ಲ.

ಮರುದಿನ ಪ್ರೂಯಿಟ್ ಅರವತ್ತರ ಹಾಳೆಯಿಂದ ಮಾಡಿಸಿದ ಒರೆಯೊಂದನ್ನು ತನ್ನ ಕಾರಿನ ಗಾಜಿನ ಕೆಳಗಿಟ್ಟು ಬಿಸಿಲಲ್ಲಿ ಬಿಟ್ಟಳು. ಸಂಜೆ ನೋಡಿದರೆ ಅದರ ಬಾಯಿ ಹಲ್ಲಿಲ್ಲದ ಮುದುಕನ ತುಟಿಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಗುಂಡು ತೆಗೆದ ಪಿಸ್ತೂಲನ್ನು ಮೇಜಿನ ಮೇಲೆ ಅದರೊಳಗೆ ತಳ್ಳಿದಳು. ಯಾರ ಬೆರಳೂ ಟ್ರಿಗರ್ ಮೇಲಿರಲಿಲ್ಲ. ಒಳಗಿನಿಂದ ಟಕ್ ಎಂದು ಸದ್ದು ಬಂತು.

ಟ್ಯಾಕೆಟ್ ಬಗ್ಗಿ ನೋಡಿದರು: ಮಡಚಿದ ಅಂಚು ಟ್ರಿಗರನ್ನು ಒತ್ತಿ ಹಿಡಿದಿತ್ತು.

"ಕೊಲೆ ಆಗೇ ಇಲ್ಲ ಸರ್," ಅಂದಳು ಪ್ರೂಯಿಟ್.

"ಹಾಗಾದ್ರೆ ಬೆಲ್ಟು ಬಿಚ್ಚಿದೋರು ಯಾರು?"

ನಡೀನ್ ಮನೆಯ ಜಗಲಿಯಲ್ಲಿ ಟ್ಯಾಕೆಟ್ ನಿಂತೇ ಕೇಳಿದರು. ಖಾಲಿ ಇದ್ದದ್ದು ರಾಯ್ಸ್‌ನ ಕುರ್ಚಿಯೊಂದೇ.

"ರಾಯ್ಸ್‌ಗೆ ತೆಳ್ಳಗಿನ ಒರೆ ಬೇಕಾಗಿತ್ತಾ?"

"ಭಾನುವಾರ ಚರ್ಚಿನ ಬಾಗಿಲ ಕಾವಲಿಗೆ ನಿಲ್ತಿದ್ದ. ಬೇಸಿಗೆ ಅಂಗಿ ಕೆಳಗೆ ಉಬ್ಬು ಕಾಣೋದು. ಎಷ್ಟು ತಿಂಗಳು ಅಂತ ನಾನೇ ರೇಗಿಸ್ತಿದ್ದೆ." ನಡೀನ್ ನಗಲಿಲ್ಲ. "ನನಗೂ ಗೊತ್ತಾಗದಂಥದ್ದು ಮಾಡಿಸ್ತೀನಿ ನೋಡ್ತಿರು ಅಂದಿದ್ದ."

"ಯಾರ ಹತ್ರ?"

ಅವರು ಅಂಗಳದ ಕಡೆ ನೋಡಿದರು. ಹುಲ್ಲು ಒಪ್ಪವಾಗಿ ಕತ್ತರಿಸಿತ್ತು.

"ವೆಂಡೆಲ್ ಕ್ರೇನ್. ಚಿಕ್ಕಂದಿನಿಂದ ಜೊತೆಗೆ ಮೀನು ಹಿಡೀತಿದ್ರು. ರಾಯ್ಸ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ಅವನು. ಈಗಲೂ ವಾರವಾರ ಬಂದು ಹುಲ್ಲು ಕತ್ತರಿಸ್ತಾನೆ. ಒಂದು ಲೋಟ ಐಸ್ ಟೀ ಕೊಟ್ರೂ ಮುಟ್ಟಲ್ಲ."

"ಭಾನುವಾರ ಚರ್ಚಿಗೆ ಬರ್ತಾನಾ?"

"ರಾಯ್ಸ್ ಹೋದ ಮೇಲೆ ಬಂದಿಲ್ಲ."

ಶುಕ್ರವಾರ ಬೆಳಿಗ್ಗೆ ಶೋಧನಾ ವಾರಂಟ್ ಕೈಗೆ ಬಂತು. ವೆಂಡೆಲ್‌ನ ಕೆಲಸದ ಕೊಟ್ಟಿಗೆ ಮನೆಯ ಹಿಂದಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಗೋಡೆಯ ತುಂಬಾ, ಮೊಳೆ ಹೊಡೆದಲ್ಲೆಲ್ಲ, ಕಂದು ಒರೆಗಳು ನೇತಾಡುತ್ತಿದ್ದವು. ಎಲ್ಲ ಒಂದೇ ಪಿಸ್ತೂಲಿನವು. ಎಲ್ಲದರ ಬಾಯಿಯೂ ಬಾಗಿಲ ಕಡೆಗಿತ್ತು.

ವೆಂಡೆಲ್ ಒತ್ತುಹಲಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ. ತೆಳ್ಳಗಿನ ಮನುಷ್ಯ, ಮೊಣಕೈವರೆಗೆ ಕೈಗವಸು.

"ಬನ್ನಿ ಸಾರ್ಜೆಂಟ್," ಅಂದ. ಆಶ್ಚರ್ಯವಿರಲಿಲ್ಲ.

"ಅದನ್ನ ತೆಗಿ ವೆಂಡೆಲ್."

"ಇನ್ನೂ ತಣ್ಣಗಾಗಿಲ್ಲ. ಈಗ ತೆಗೆದ್ರೆ ಆಕಾರ ಮರೆತುಬಿಡುತ್ತೆ."

ಟ್ಯಾಕೆಟ್ ಯಾಕೋ ಬಲವಂತ ಮಾಡಲಿಲ್ಲ. ಮೂವರೂ ಕಾದರು. ಓವನ್ ಆರುತ್ತಾ ಟಿಣ್ ಟಿಣ್ ಎನ್ನುತ್ತಿತ್ತು. ಫ್ಯಾನಿನ ಗಾಳಿಗೆ ಗೋಡೆಯ ಒರೆಗಳು ಒಂದಕ್ಕೊಂದು ತಾಗಿ ಮೆಲ್ಲಗೆ ಸದ್ದು ಮಾಡುತ್ತಿದ್ದವು. ಆಮೇಲೆ ವೆಂಡೆಲ್ ತಾನಾಗಿಯೇ ಎದ್ದು ಹಿಡಿಕೆ ಸಡಿಲಿಸಿ ಪಕ್ಕಕ್ಕೆ ಸರಿದು ನಿಂತ. ಪ್ರೂಯಿಟ್ ಹಲಗೆ ಎತ್ತಿದಳು. ಸ್ಪಂಜಿನ ಮೇಲೆ ಬೆಚ್ಚಗಿನ ಕಂದು ಹಾಳೆಯೊಳಗೆ ರಾಯ್ಸ್‌ನ ಪಿಸ್ತೂಲಿತ್ತು. ತಗ್ಗಿನ ಜಾಗದಲ್ಲಿ ಪ್ಲಾಸ್ಟಿಕ್ ಕೂಡ ತಗ್ಗಾಗಿತ್ತು.

"ಆವತ್ತು ನೀನು ಅಲ್ಲಿದ್ದೆ," ಅಂದರು ಟ್ಯಾಕೆಟ್.

"ಮೀನಿಗೆ ಹೋಗಿದ್ವಿ. ಅವನ ಒರೆ ಟ್ರಕ್ಕಿನ ಗಾಜಿನ ಕೆಳಗೆ ಬಿದ್ದಿತ್ತು. ಹೊರಡುವಾಗ ಸೊಂಟಕ್ಕೆ ಸಿಕ್ಕಿಸ್ಕೊಂಡು ಪಿಸ್ತೂಲು ಒಳಗೆ ತಳ್ಳಿದ. ಅಷ್ಟೇ."

"ಒರೆ ನೀನು ಮಾಡಿದ್ದು."

"ದಪ್ಪದ್ದೇ ಹಾಕ್ತೀನಿ ಅಂದೆ. ತೆಳ್ಳಗೆ ಮಾಡೋ ಮಾರಾಯ, ನಡೀನ್‌ಗೆ ಗೊತ್ತಾಗಬಾರದು ಅಂದ. ಬೇಡ ಅನ್ನೋಕೆ ಆಗಲಿಲ್ಲ."

"ಆಂಬುಲೆನ್ಸ್?"

"ಆ ಕಣಿವೇಲಿ ಫೋನ್ ಸಿಗಲ್ಲ. ಗುಡ್ಡ ಹತ್ತಬೇಕು." ವೆಂಡೆಲ್ ಕೈಗವಸು ಕಳಚಿ ಒಂದರ ಮೇಲೊಂದು ಇಟ್ಟ. "ಮೊದಲು ಒರೆ ತೆಗೀತೀನಿ, ಆಮೇಲೆ ಹೋಗ್ತೀನಿ ಅಂದ್ಕೊಂಡೆ. ನಾನು ಮಾಡಿದ ಒರೆಯಿಂದ ಹೀಗಾಯ್ತು ಅಂತ ಊರಿಗೆ ಗೊತ್ತಾಗಬಾರದು ಅಂತ. ಒರೆಯ ಕೊಕ್ಕೆ ಬೆಲ್ಟಿಗೆ ಕಚ್ಕೊಂಡಿತ್ತು. ಬಿಡಿಸೋಕೆ ಹೊತ್ತಾಯ್ತು. ಅವನು ನೋಡ್ತಾ ಇದ್ದ. ಬಿಡಿಸಿ ಆಗೋ ಹೊತ್ತಿಗೆ ಅವನು ಏನನ್ನೂ ನೋಡ್ತಿರಲಿಲ್ಲ."

"ಪಿಸ್ತೂಲು ಯಾಕೆ ತಂದೆ?"

"ಒರೆಯೊಳಗೇ ಇತ್ತು."

"ಕೋಡಿ ಜೈಲಲ್ಲಿದಾನೆ ವೆಂಡೆಲ್," ಪ್ರೂಯಿಟ್ ಅಂದಳು.

"ಅದಕ್ಕೇ ಮಾಡಿದ್ದು. ಬಾಯಿ ಬಿಟ್ಟು ಹೇಳೋಕೆ ಎಷ್ಟು ಸಲ ಆ ಅಂಗಳಕ್ಕೆ ಹೋದೆನೋ. ಹುಲ್ಲು ಕತ್ತರಿಸಿ ಬಂದೆ. ಒರೆ ನೋಡಿದ್ರೆ ನಡೀನ್‌ಗೇ ತಿಳಿಯುತ್ತೆ ಅಂದ್ಕೊಂಡೆ. ಮೊದಲು ದಪ್ಪದ್ದು ಕೊಟ್ಟೆ. ಅವನಿಗೆ ಕೊಡಬೇಕಾಗಿದ್ದದ್ದು ಅದೇ. ಅದರಲ್ಲಿ ತಗ್ಗು ಬರಲಿಲ್ಲ. ಎಂಬತ್ತರಲ್ಲೂ ಬರಲಿಲ್ಲ. ಅವನ ಪಿಸ್ತೂಲು ಅಂತ ಗುರುತು ಬರೋಕೆ ಅರವತ್ತರದ್ದೇ ಬೇಕಾಯ್ತು."

ಅಲ್ಲೇ ಅವನನ್ನು ಬಂಧಿಸಲಾಯಿತು. ಸಾಕ್ಷ್ಯ ಮರೆಮಾಚಿದ್ದು, ಸಾಯುವವನಿಗೆ ನೆರವು ತಪ್ಪಿಸಿದ್ದು ಎಂದು ಟ್ಯಾಕೆಟ್ ವರದಿಯಲ್ಲಿ ಬರೆದರು. ಕಾರಣ ಎಂಬ ಜಾಗದಲ್ಲಿ ಮೊದಲು ಭಯ ಎಂದು ಬರೆದು, ಹೊಡೆದುಹಾಕಿ, ಹೆಸರು ಕೆಡುವ ನಾಚಿಕೆ ಎಂದು ಬರೆದರು. ಅದನ್ನೂ ಓದಿ ನೋಡಿ ಹಾಗೆಯೇ ಬಿಟ್ಟರು.

ಮಧ್ಯಾಹ್ನ ಕೋಡಿಯ ಬಿಡುಗಡೆಯ ಕಾಗದಕ್ಕೆ ರುಜು ಹಾಕಲು ನಡೀನ್ ಬಂದರು. ನಡೆದದ್ದನ್ನು ಟ್ಯಾಕೆಟ್ ಪೂರ್ತಿ ಹೇಳಿದರು, ಬೆಲ್ಟಿಗೆ ಕಚ್ಚಿದ ಕೊಕ್ಕೆಯ ವಿಷಯವನ್ನೂ. ಕೋಡಿ ಬಂದು ಮಲತಾಯಿಯ ಪಕ್ಕ ನಿಂತ. ಅವನ ಅಂಗಿ ಈಗ ಅವನಿಗೆ ದೊಡ್ಡದಾಗಿತ್ತು. ಕೌಂಟರಿನ ಗಾಜಿನ ಮೇಲೆ ಸಾಕ್ಷ್ಯದ ಚೀಲದಲ್ಲಿ ಮೂರು ಒರೆಗಳಿದ್ದವು. ಇನ್ನು ಅವು ನ್ಯಾಯಾಲಯದ ಸ್ವತ್ತು.

ನಡೀನ್ ಚೀಲದ ಮೇಲಿನಿಂದಲೇ ಮೂರನೆಯದರ ಮೇಲೆ ಕೈಯಿಟ್ಟು, ಉಬ್ಬು ಎಲ್ಲಿದೆ ಎಂದು ಬೆರಳಿನಿಂದ ಹುಡುಕಿದರು. ಸಿಕ್ಕಿತು. ಪ್ರೂಯಿಟ್ ವಿನೆಗರ್ ಬಾಟಲಿಯನ್ನು ಸುಮ್ಮನೆ ಹಿಡಿದು ನಿಂತಿದ್ದಳು.

"ಬಿಸಿ ಮಾಡಿದ್ರೆ ಮತ್ತೆ ಹಾಳೆ ಆಗುತ್ತಂತಲ್ಲ," ಅಂದರು ನಡೀನ್. "ಇದೊಂದನ್ನ ಓವನ್‌ಗೆ ಹಾಕಿಬಿಡಿ."