ಅತ್ತಿಗೆಯ ಕಾರ್ಡ್

ಕಬ್ಬಿಣದ ರಾಡು ನನ್ನ ಕಿವಿಯಿಂದ ನಾಲ್ಕು ಬೆರಳು ಆಚೆ ಗೋಡೆಗೆ ಬಡಿಯಿತು.

ಸಿಮೆಂಟ್ ಉದುರಿತು. ನಾನು ಉದುರಲಿಲ್ಲ. ಓಡಿದೆ!

"ನಿಲ್ಲೋ! ಇವತ್ತು ನಿನ್ನ ಕಾಲು ಮುರೀದೆ ಬಿಡಲ್ಲ!"

ಕಾಲು ಮುರಿಯುತ್ತೇನೆ, ನಿಲ್ಲು ಅಂತೆ. ಎಂಥಾ ಆಹ್ವಾನ ನೋಡಿ!

ಅವನು ಆ ಔಷಧಿ ಗೋದಾಮಿನ ಸೆಕ್ಯೂರಿಟಿ ಆಫೀಸರ್. ಎದುರಿಗೆ ಎಲ್ಲರೂ 'ಸಾರ್' ಎನ್ನುತ್ತಿದ್ದರು. ಬೆನ್ನ ಹಿಂದೆ 'ಗೂಳಿ'.

ನಾನು ಯಾರು ಅಂತೀರಾ? ಬಾಗಿಲಿಗೆ ಕಾರ್ಡ್ ರೀಡರ್ ಕೂರಿಸುವುದು ನನ್ನ ಕಸುಬು. ಕೂರಿಸಿದ ಮೇಲೂ ಕಳವಾದರೆ ಕಳ್ಳನನ್ನು ಹುಡುಕಿಕೊಡುವುದೂ ನಾನೇ. ಎರಡನೆಯದರಲ್ಲೇ ಕೈತುಂಬ ಕೆಲಸ!

ಅವತ್ತು ಮಾತ್ರ ಕರೆಸಿದ್ದು ಯಾವ ಕಂಪನಿಯೂ ಅಲ್ಲ. ನನ್ನ ಅತ್ತಿಗೆ.

ಅದೇ ಗೋದಾಮಿನಲ್ಲಿ ಹದಿನಾರು ವರ್ಷದಿಂದ ಸ್ಟೋರ್ ಕೀಪರ್. ಅಮ್ಮ ಹೋದ ಮೇಲೆ ನನ್ನನ್ನು ಬೈದು, ಬಡಿಸಿ, ಮನುಷ್ಯನನ್ನಾಗಿ ಮಾಡಿದವರು. ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ಆ ಬೆಳಿಗ್ಗೆ ಫೋನಿನಲ್ಲಿ ಕೇಳಿದೆ.

"ಕೋಲ್ಡ್ ರೂಮಿಂದ ಕ್ಯಾನ್ಸರ್ ಇಂಜೆಕ್ಷನ್ ಪೆಟ್ಟಿಗೆ ಹೋಗಿದೆ ಕಣೋ. ನಿನ್ನೆ ಬೆಳಿಗ್ಗೆ ಹನ್ನೊಂದೂ ನಲವತ್ತೆರಡಕ್ಕೆ ನನ್ನ ಕಾರ್ಡಲ್ಲೇ ಬಾಗಿಲು ತೆಗೆದಿದೆಯಂತೆ. ಕಾರ್ಡ್ ಕಿತ್ಕೊಂಡ್ರು. ನಾಲ್ಕು ಗಂಟೆಗೆ ಪೊಲೀಸ್ ಬರ್ತಾರಂತೆ..."

"ಆಗ ನೀವೆಲ್ಲಿದ್ರಿ?"

"ಹಿಂದಿನ ಕಟ್ಟಡದ ಸ್ಟಾಫ್ ರೂಮಲ್ಲಿ. ಮಾತ್ರೆ ನುಂಗಕ್ಕೆ ಹೋಗಿದ್ದೆ. ಒಬ್ಬಳೇ. ಯಾರು ನಂಬ್ತಾರೆ?"

"ಕಾರ್ಡ್ ಯಾರ ಕೈಗಾದ್ರೂ ಕೊಟ್ಟಿದ್ರಾ?"

"ಹೋದ ವಾರ ಆ ಗೂಳಿ, ಹೊಸ ಸ್ಟಿಕ್ಕರ್ ಅಂಟಿಸ್ಬೇಕು ಅಂತ ಅರ್ಧ ಗಂಟೆ ಇಸ್ಕೊಂಡಿದ್ದ."

ಸ್ಟಿಕ್ಕರ್! ಆ ಹಳೇ ಕಾರ್ಡುಗಳೊಳಗೆ ಇರುವುದು ಬರೀ ಒಂದು ನಂಬರ್. ಇನ್ನೊಂದು ಕಾರ್ಡಿಗೆ ಅದನ್ನು ಇಳಿಸಲು ಅರ್ಧ ನಿಮಿಷ ಸಾಕು.

ಸ್ಟಾಫ್ ರೂಮಿನ ಬಾಗಿಲಲ್ಲೂ ಒಂದು ರೀಡರ್ ಇತ್ತು. ನಾನೇ ಕೂರಿಸಿದ್ದು. ಅಂಗೈಯಗಲದ ಪೆಟ್ಟಿಗೆ... ಆಫೀಸಿನ ಕಂಪ್ಯೂಟರಿಗೆ ವೈರೇ ಇಲ್ಲ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ವರ್ಷ ದೂಡುತ್ತದೆ. ಹೇಗೆ? ನಿದ್ದೆ ಮಾಡಿಕೊಂಡು! ಸೆಕೆಂಡಿಗೆ ಎರಡು ಸಲ ಅರೆಗಣ್ಣು ತೆರೆದು ಕಾರ್ಡ್ ಇದೆಯಾ ಎಂದು ನೋಡುತ್ತದೆ. ಎರಡು ಬೆರಳಷ್ಟು ಹತ್ತಿರ ಬಂದರೆ ನಂಬರ್ ಓದಿ, ಟೈಮ್ ಸಮೇತ ತನ್ನೊಳಗೇ ಬರೆದಿಟ್ಟು, ಕೀಕ್ ಎಂದು ಬಾಗಿಲು ತೆಗೆದು ಮತ್ತೆ ಮಲಗುತ್ತದೆ.

ಆ ಗೋದಾಮಿನಲ್ಲಿ ಕೆಲಸದ ಹೊತ್ತಿಗೆ ಎಚ್ಚರವಾಗುತ್ತಿದ್ದದ್ದು ಅದೊಂದೇ!

ಮ್ಯಾನೇಜರಿಗೆ ಫೋನ್ ಮಾಡಿ ಅಲ್ಲಿಗೇ ಬರಲು ಹೇಳಿದ್ದೆ. ಗೂಳಿ ಕೇಳಿಸಿಕೊಂಡಿದ್ದ. ಅದಕ್ಕೇ ಈ ರಾಡು, ಈ ಓಟ.

ಮೂರೂ ಐದಕ್ಕೆ ಬಾಗಿಲು ಮುಟ್ಟಿದೆ. ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಲ್ಯಾಪ್‌ಟಾಪಿನ ವೈರ್ ಚುಚ್ಚಿದೆ. ಸಾಲುಗಳು ಇಳಿದವು.

ನಿನ್ನೆ, ಹನ್ನೊಂದೂ ನಲವತ್ತೆರಡು. ಅತ್ತಿಗೆಯ ನಂಬರ್!

ಒಬ್ಬರೇ ಹೆಂಗಸು. ಒಂದೇ ನಿಮಿಷ. ಎರಡು ಕಟ್ಟಡ.

"ಓದ್ಕೊಂಡ್ಯಾ?" ಗೂಳಿಯ ಎಡಗೈ ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿತು. ಹಣೆ ಒಡೆಯಿತು. ಆಮೇಲೆ ಅವನು ನನ್ನನ್ನು ತನ್ನ ಕಡೆ ತಿರುಗಿಸಿಕೊಂಡ. "ಅದರಿಂದ ಏನಾಗತ್ತೆ? ಕಾರ್ಡ್ ಎರಡಿವೆ ಅಂತಾಗತ್ತೆ. ಕಾಪಿ ಮಾಡಿಸಿದ್ದೂ ನಿನ್ನ ಅತ್ತಿಗೇನೇ ಅಂತೀನಿ. ಏನ್ ಕಿತ್ಕೋತೀಯ?"

ಕರುಬಬೇಕಾದ ತಲೆ!

ಆಗ ಅದು ಕಂಡಿತು... ಅವನ ಐಡಿ ಕಾರ್ಡ್ ಓಟದಲ್ಲಿ ದಾರ ಸಮೇತ ಬೆನ್ನಿಗೆ ಹೋಗಿತ್ತು. ಆದರೂ ಅಂಗಿಯ ಜೇಬಿನಲ್ಲಿ ಇನ್ನೊಂದು ಕಾರ್ಡಿನ ಬಿಳಿ ಅಂಚು!

ಕಾರಿಡಾರಿನಲ್ಲಿ ಏದುಸಿರು ಕೇಳಿಸಿತು. ಮ್ಯಾನೇಜರ್. ಹಿಂದೆ ಅತ್ತಿಗೆ.

ಎರಡೂ ಕೈಯಲ್ಲಿ ಗೂಳಿಯ ಕಾಲರ್ ಹಿಡಿದೆ. ತಪ್ಪಿಸಿಕೊಳ್ಳಲು ಒದ್ದಾಡುತ್ತೇನೆಂದು ಅವನು ಬಿಗಿಯಾದ. ನಾನು ತಪ್ಪಿಸಿಕೊಳ್ಳಲಿಲ್ಲ. ಅವನನ್ನೇ ಎಳೆದು ಎದೆಗೂಡು ಸಮೇತ ಆ ಪೆಟ್ಟಿಗೆಗೆ ಅಪ್ಪಿಸಿದೆ!

ಕೀಕ್.

ಹಸಿರು ದೀಪ. ಲ್ಯಾಪ್‌ಟಾಪಿನಲ್ಲಿ ಹೊಸ ಸಾಲು.

"ಸಾರ್," ಎಂದೆ ಮ್ಯಾನೇಜರಿಗೆ, ಉಸಿರು ಸಿಕ್ಕಷ್ಟರಲ್ಲಿ. "ನಮ್ಮತ್ತಿಗೆ ಕಾರ್ಡ್ ಎಲ್ಲಿದೆ?"

"ನ... ನನ್ನ ಕೈಯಲ್ಲೇ ಇದೆಯಲ್ಲ!"

"ಹಾಗಾದ್ರೆ ಈಗ ಈ ಬಾಗಿಲು ತೆಗೆದಿದ್ದು ಯಾರ ಕಾರ್ಡು? ನಂಬರ್ ಓದಿ."

ಮ್ಯಾನೇಜರ್ ಓದಿದ. ಕೈಯಲ್ಲಿದ್ದ ಕಾರ್ಡ್ ನೋಡಿದ. ಗೂಳಿಯ ಜೇಬು ನೋಡಿದ. ಜೀವನದಲ್ಲಿ ಮೊದಲ ಸಲ ಯೋಚನೆ ಮಾಡಿದವನಂತೆ ಮುಖ ಬಿಳುಚಿತು.

ರಾಡು ನೆಲಕ್ಕೆ ಬಿತ್ತು.

ಪೊಲೀಸರು ಸರಿಯಾಗಿ ನಾಲ್ಕಕ್ಕೇ ಬಂದರು. ಕರೆದೊಯ್ಯಬೇಕಾದವನು ಮಾತ್ರ ಬದಲಾಗಿದ್ದ. ಇಂಜೆಕ್ಷನ್ ಪೆಟ್ಟಿಗೆ ಅವನ ಮನೆಯ ಫ್ರಿಜ್ಜಿನಲ್ಲಿ, ಟೊಮೆಟೊ ಪಕ್ಕದಲ್ಲಿ ಸಿಕ್ಕಿತು.

ಮ್ಯಾನೇಜರ್ ಹಲ್ಲು ಕಿರಿಯುತ್ತ ಅತ್ತಿಗೆಗೆ ಕಾರ್ಡ್ ಚಾಚಿದ. "ಏನೋ ಒಂದು ಕನ್ಫ್ಯೂಶನ್ ಆಯ್ತು. ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ ಅಮ್ಮಾ?"

"ಫ್ಯಾಮಿಲಿಯೋರು ಪೊಲೀಸ್ ಕರೆಯೋ ಮುಂಚೆ ಒಂದ್ಮಾತು ಕೇಳ್ತಾರೆ ಸಾರ್," ಎಂದರು ಅತ್ತಿಗೆ.

ಕಾರ್ಡ್ ಕಿತ್ತುಕೊಂಡು ನನ್ನ ಕಡೆ ತಿರುಗಿದರು. ಕರ್ಚೀಫಿನಿಂದ ನನ್ನ ಹಣೆಯ ರಕ್ತ ಒರೆಸಿದರು.

"ಬೆಳಿಗ್ಗೆ ಒಂಬತ್ತಕ್ಕೇ ಹೇಳಿದ್ದೆ. ಮೂರು ಗಂಟೆವರೆಗೆ ಏನೋ ಕಡಿದು ಗುಡ್ಡೆ ಹಾಕ್ತಿದ್ದೆ?"

ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಹೇಳುವುದು ಹೀಗೆಯೇ.