ಕೋಳಿ ಕಾದ ಕೆಂಚ

ಬಲು ಹಿಂದಿನ ಮಾತು. ಏಳುಬಂಡೆ ಎಂಬ ರಾಜ್ಯದ ಕಟ್ಟಕಡೆಗೆ ಹುರುಳಿಪಾಳ್ಯ ಅಂತ ಒಂದು ಊರಿತ್ತು. ಆ ಊರಿನ ಹುಡುಗಿ ಮುದ್ದೀರಿ ಒಂದು ದಿನ ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾ ಗುಡ್ಡದಾಚೆ ಹೋದಳು. ಕರು ಸಿಗಲಿಲ್ಲ. ತಿರುಗಿ ಬಂದರೆ ಊರಲ್ಲಿ ನರಪಿಳ್ಳೆಯೂ ಇಲ್ಲ. ಒಲೆಗಳು ಉರಿಯುತ್ತಿದ್ದವು, ಎಸರು ಕುದಿಯುತ್ತಿತ್ತು. ಬೀದಿಯ ತುಂಬಾ ಕೋಳಿಗಳು ಓಡಾಡುತ್ತಿದ್ದವು.

ಅರಳಿಮರದ ಕೊಂಬೆಯ ಮೇಲೆ ಕರಿಮಾಳನೆಂಬ ಮಾಂತ್ರಿಕ ಕಾಲು ಇಳಿಬಿಟ್ಟು ಕೂತಿದ್ದ.

“ನನ್ನ ಮಂತ್ರ ತಪ್ಪಿತು ಅಂತ ನಿನ್ನ ಊರಿನವರು ಕೊಕ್ಕೊಕ್ಕೋ ಅಂತ ನಕ್ಕರು. ಇನ್ನು ಹಾಗೇ ನಗುತ್ತಿರಲಿ” ಅಂದ.

“ಇವರಲ್ಲಿ ನಮ್ಮವ್ವ ಯಾವುದು?”

“ನನಗೇನು ಗೊತ್ತು? ಕಾಳು ಹಾಕೋದಕ್ಕೆ ಒಬ್ಬರು ಬೇಕಲ್ಲ, ಅದಕ್ಕೆ ನಿನ್ನನ್ನು ಬಿಟ್ಟಿದ್ದೇನೆ.”

“ಇದಕ್ಕೆ ಬಿಡುಗಡೆಯೇ ಇಲ್ಲವಾ?”

ಕರಿಮಾಳ ಹೊಟ್ಟೆ ಹಿಡಿದು ನಕ್ಕ. “ಇದೆಯಲ್ಲ! ಕೋರೆಹಲ್ಲಿನ ಪ್ರಾಣಿಯೊಂದು ಹಸಿದ ಹೊಟ್ಟೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಈ ಕೋಳಿಗಳ ನಡುವೆ ಇರಬೇಕು. ಒಂದು ಪುಕ್ಕವನ್ನೂ ಕೀಳಬಾರದು. ಹಾಗಾದರೆ ನನ್ನ ಮಾಯೆ ಮುರಿಯುತ್ತದೆ. ಹೋಗು, ನರಿಯನ್ನು ಕರೆದುಕೊಂಡು ಬಾ!” ಅಂದವನೇ ಹೊಗೆಯಾಗಿ ಮರದೊಳಗೆ ಸೇರಿಕೊಂಡ.

ಮುದ್ದೀರಿ ಒಂದೊಂದು ಕೋಳಿಯನ್ನೂ ಎತ್ತಿಕೊಂಡು “ಅವ್ವಾ” ಅಂತ ಕರೆದಳು. ಎಲ್ಲವೂ ಅವಳ ಕೈಯಲ್ಲಿದ್ದ ಕಾಳನ್ನು ನೋಡಿದವು, ಮುಖವನ್ನು ಯಾವುದೂ ನೋಡಲಿಲ್ಲ. ನೆರೆ ಊರಿನವರು ಹೆದರಿ ಆ ದಾರಿಯನ್ನೇ ಬಿಟ್ಟರು. ಮಳೆ ಬಂತು, ಚಳಿ ಬಂತು, ಮತ್ತೆ ಮಳೆ ಬಂತು. ಮುದ್ದೀರಿ ಒಬ್ಬಳೇ ಬೆಳೆದಳು, ಒಬ್ಬಳೇ ಬಿತ್ತಿದಳು, ಒಬ್ಬಳೇ ಉಂಡಳು. ಹಬ್ಬದ ದಿನ ಬಾಗಿಲು ಬಾಗಿಲಿಗೂ ರಂಗೋಲಿ ಇಟ್ಟಳು. ಕೋಳಿಗಳು ಅದನ್ನು ಕೆದರಿ ಹಾಕಿದವು.

ಒಮ್ಮೆ ಕುರಿ ಕಾಯುವ ಮುದುಕಿಯೊಬ್ಬಳು ಹಳ್ಳದ ಆಚೆ ದಡದಲ್ಲಿ ನಿಂತಳು. ಮುದ್ದೀರಿ ಓಡಿಹೋಗಿ ತನ್ನ ಕತೆಯನ್ನೆಲ್ಲ ಕೂಗಿ ಹೇಳಿದಳು.

“ಅಯ್ಯೋ ನನ್ನವ್ವಾ! ಆಚೆ ದಾಟೋಕೆ ನನಗೆ ಧೈರ್ಯ ಇಲ್ಲ” ಅಂದಳು ಮುದುಕಿ. “ಆದರೆ ನನ್ನ ನಾಯಿ ಮರಿ ಹಾಕಿದೆ. ಒಂದನ್ನು ಬಂಡೆಯ ಮೇಲೆ ಬಿಟ್ಟು ಹೋಗ್ತೀನಿ. ನೋಡು, ಎಳೆನಾಯಿಗೆ ಹಾರುವ ಪುಕ್ಕ ಕಂಡರೆ ಮೈಮೇಲೆ ಎಚ್ಚರ ಇರಲ್ಲ. ಹಗ್ಗ ಕಟ್ಟಿಯೇ ಕಲಿಸು.”

ಮರಿಯ ಬಣ್ಣ ಕೆಂಚು. ಅದಕ್ಕೇ ಕೆಂಚ ಅಂತ ಹೆಸರಿಟ್ಟಳು. ಅಂದಿನಿಂದ ಅವಳ ಪಕ್ಕದಲ್ಲಿ ಬೆಚ್ಚಗೆ ಉಸಿರಾಡುವ ಜೀವವೊಂದು ಮಲಗತೊಡಗಿತು.

ಮೊದಲು ಮರಿಯನ್ನು ಗುಡ್ಡದ ಮೇಲೆ ಓಡಾಡಿಸಿ ದಣಿಸುತ್ತಿದ್ದಳು. ಆಮೇಲೆ ಹಗ್ಗ ಹಿಡಿದು ಕೋಳಿಗಳಿದ್ದ ಬೇಲಿಯ ಈಚೆ ಕೂರುತ್ತಿದ್ದಳು. ನಾಯಿಮರಿ ಕೋಳಿಗಳನ್ನು ದುರುಗುಟ್ಟಿ ನೋಡಿದರೆ “ಬಿಡು” ಅನ್ನುವಳು. ಅದು ಕಣ್ಣು ತೆಗೆದು ಅವಳ ಕಡೆ ತಿರುಗಿದರೆ ಮುದ್ದೆಯ ತುಣುಕೊಂದನ್ನು ಬಾಯಿಗೆ ಹಾಕುವಳು. ದಿನವೂ ಇದೇ ಕೆಲಸ. ಬೇಲಿ ದಾಟಿ ಒಳಗೆ ಕರೆದೊಯ್ದಾಗ ಕೋಳಿಮರಿಗಳ ತಾಯಿಯೊಂದು ಬಂದು ಕೆಂಚನ ಮೂಗನ್ನು ಕುಕ್ಕಿತು. ಅವನು ಕುಂಯ್ ಅಂದು ಅವಳ ಹಿಂದೆ ಅಡಗಿದ. ಎಷ್ಟೋ ಕಾಲದ ಮೇಲೆ ಮುದ್ದೀರಿ ನಕ್ಕಳು.

ಕೆಂಚ ಕಲಿತುಬಿಟ್ಟ ಅಂದುಕೊಂಡು ಒಂದು ದಿನ ಹಗ್ಗ ಬಿಚ್ಚಿದಳು. ಹುಂಜವೊಂದು ರೆಕ್ಕೆ ಬಡಿದು ಗೋಡೆಯಿಂದ ಹಾರಿತು. ಕೆಂಚ ಬಾಣದಂತೆ ನುಗ್ಗಿದ. ಬಿಡಿಸುವಷ್ಟರಲ್ಲಿ ಬಾಲದ ಪುಕ್ಕವೆಲ್ಲ ಅವನ ಬಾಯಲ್ಲಿತ್ತು.

“ಅದು ಮಾವನೋ ತಮ್ಮನೋ ಯಾರಿಗೆ ಗೊತ್ತು, ಪಾಪಿ!” ಎಂದು ಅಳುತ್ತಾ ಕೋಲು ತೆಗೆದು ಹೊಡೆದಳು.

ಕೆಂಚ ಗಾಡಿಯ ಕೆಳಗೆ ಸೇರಿದವನು ಕರೆದರೂ ಬರಲಿಲ್ಲ, ಮುದ್ದೆ ಇಟ್ಟರೂ ಮೂಸಲಿಲ್ಲ. ಅವಳ ಕೈ ಮೇಲೆದ್ದರೆ ಸಾಕು, ಕಣ್ಣು ಮುಚ್ಚಿ ನಡುಗುತ್ತಿದ್ದ. ಕೋಳಿ ಸುಳಿದರೆ ಮಾತ್ರ ಅವನ ಕಿವಿ ಇನ್ನೂ ನೆಟ್ಟಗಾಗುತ್ತಿತ್ತು. ಹೊಡೆತ ಅವನಿಗೆ ಕಲಿಸಿದ್ದು ಅವಳ ಭಯವನ್ನು ಮಾತ್ರ. ಈ ಮೊದಲು ಅವಳು ಒಂಟಿಯಾಗಿದ್ದಳು ನಿಜ, ಆದರೆ ಅವಳನ್ನು ಕಂಡು ಹೆದರುವವರು ಯಾರೂ ಇರಲಿಲ್ಲ.

ಮುದ್ದೀರಿ ಕೋಲನ್ನು ಮುರಿದು ಒಲೆಗೆ ಹಾಕಿದಳು. ಗಾಡಿಯ ಪಕ್ಕ ಬರಿಗೈ ಚಾಚಿಕೊಂಡು ಕೂತಳು. ಮರುದಿನವೂ ಕೂತಳು, ಅದರ ಮರುದಿನವೂ ಕೂತಳು. ಕೊನೆಗೊಮ್ಮೆ ತಣ್ಣನೆಯ ಮೂಗು ಅಂಗೈಗೆ ತಾಗಿತು. ಮತ್ತೆ ಹಗ್ಗ ಕಟ್ಟಿ, ಬೇಲಿಯ ಈಚೆಯಿಂದಲೇ, ಮೊದಲಿನಿಂದ ಶುರುಮಾಡಿದಳು. ಹಗ್ಗ ಹಿಡಿದು ಕಲಿಸಿದಳು, ಹಗ್ಗ ನೆಲದಲ್ಲಿ ಎಳೆದಾಡಲು ಬಿಟ್ಟು ಕಲಿಸಿದಳು, ಹಗ್ಗವಿಲ್ಲದೆಯೂ ಕಲಿಸಿದಳು. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು.

ಒಂದು ಬೆಳಗ್ಗೆ ಉಣಿಸದೆ ಕೆಂಚನನ್ನು ಕೋಳಿಗಳ ನಡುವೆ ಕರೆತಂದು “ಕೂರು” ಅಂದಳು. ಅರಳಿಮರದಿಂದ ಕರಿಮಾಳ ಬಗ್ಗಿ ನೋಡಿದ.

ಮೊದಲು ಅವನು ಹದ್ದಾಗಿ ಎರಗಿದ. ಕೋಳಿಗಳು ಕಿರುಚುತ್ತಾ ಕೆಂಚನ ತಲೆಯ ಮೇಲೇ ಹಾರಿದವು. ಕೆಂಚ ಅದುರಿದ. “ಬಿಡು” ಅಂದಳು ಮುದ್ದೀರಿ. ಕೆಂಚ ನೆಲಕ್ಕೆ ಎದೆಯೂರಿ ಮಲಗಿದ.

ಆಮೇಲೆ ಕರಿಮಾಳ ರೆಕ್ಕೆ ಮುರಿದ ಕೊಬ್ಬಿದ ಹೇಂಟೆಯಾಗಿ ಕೆಂಚನ ಬಾಯಿಯ ಮುಂದೆಯೇ ತೆವಳಿದ. ಕೆಂಚನ ಜೊಲ್ಲು ಮಣ್ಣಿಗೆ ತೊಟ್ಟಿಕ್ಕಿತು. “ಬಿಡು” ಅಂದಳು ಮುದ್ದೀರಿ. ಕೆಂಚ ಮುಖ ತಿರುಗಿಸಿದ.

ಮೂರನೆಯ ಸಲ ಕರಿಮಾಳ ಅವಳ ದನಿಯನ್ನೇ ಕದ್ದ. ಹೊತ್ತು ಮುಳುಗುವುದರಲ್ಲಿತ್ತು. ಮರದ ಮೇಲಿನಿಂದ ಮುದ್ದೀರಿಯ ಗಂಟಲಲ್ಲೇ ಕೂಗು ಬಂತು:

“ಹಿಡಿ ಕೆಂಚಾ! ಹಿಡಿ ನನ್ನಪ್ಪಾ!”

ಕೆಂಚ ಎದ್ದು ನಿಂತ. ಮುದ್ದೀರಿ ಬಾಯಿ ತೆರೆದಳು, ಉಸಿರು ಮಾತ್ರ ಬಂತು. ಓಡಿದರೆ ಕೋಳಿಗಳು ಚೆದುರುತ್ತವೆ. ಆ ಊರಿನಲ್ಲಿ ಅವಳಿಗಿದ್ದ ಒಂದೇ ಮನುಷ್ಯದನಿಯೂ ಈಗ ಇಲ್ಲ. ಅವಳು ಮೆಲ್ಲಗೆ ನೆಲದ ಮೇಲೆ ಕೂತು ಅಂಗೈ ಚಾಚಿದಳು.

ಕೆಂಚ ಮರವನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಕೋಳಿಗಳ ನಡುವೆ ಸಂದು ನೋಡಿಕೊಂಡು ಹೆಜ್ಜೆಯಿಡುತ್ತಾ ಬಂದು, ಗದ್ದವನ್ನು ಅವಳ ಅಂಗೈಯಲ್ಲಿಟ್ಟ.

ಹೊತ್ತು ಮುಳುಗಿತು. ಕರಿಮಾಳ ಮರದಿಂದ ಜೊಳ್ಳಾಗಿ ಉದುರಿದ. ಗಾಳಿ ಅವನನ್ನು ಗುಡ್ಡದಾಚೆ ತೂರಿತು. ಕೋಳಿಗಳೆಲ್ಲ ಮನುಷ್ಯರಾಗಿ ಮೈಕೈ ಕೊಡವಿಕೊಂಡು ಎದ್ದರು. ಅವರ ಪಾಲಿಗೆ ಅದು ಅದೇ ದಿನದ ಸಂಜೆ. “ಎಸರಿಗೆ ಅಕ್ಕಿ ಹಾಕಿದ್ರಾ?” ಅಂತ ಯಾರೋ ಕೂಗಿದರು. ಅಷ್ಟೊಂದು ದನಿ ಕೇಳಿ ಮುದ್ದೀರಿಗೆ ಹೆದರಿಕೆಯಾಯಿತು. ನಾಯಿಯ ಕೊರಳು ತಬ್ಬಿ ಗೋಡೆಗೆ ಒತ್ತಿ ನಿಂತಳು.

ಒಬ್ಬ ಹೆಂಗಸು ಹತ್ತಿರ ಬಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇದೇನೇ ಮುದ್ದೀರಿ, ನನಗಿಂತ ಎತ್ತರ ಆಗಿಬಿಟ್ಟಿದ್ದೀಯ! ಊಟ ಆಯ್ತಾ?”

ಕೇಳಿದವಳು ಹಾಗೇ ನಿಂತಿದ್ದಳು. ಉತ್ತರಕ್ಕೆ ಕಾಯುತ್ತಿದ್ದಳು.

“ಇಲ್ಲವ್ವಾ” ಅಂದಳು ಮುದ್ದೀರಿ. ಕಳವಾಗಿದ್ದ ದನಿ ತಿರುಗಿ ಬಂದಿತ್ತು. “ಇಬ್ಬರಿಗೂ ಇಲ್ಲ.”

ಅವ್ವ ಇಬ್ಬರಿಗೂ ಬಡಿಸಿದಳು. ಅಲ್ಲಿಂದಾಚೆಗೆ ಹುರುಳಿಪಾಳ್ಯದವರು ಬಹುಕಾಲ ನೆಮ್ಮದಿಯಾಗಿ ಬಾಳಿದರು. ಕೆಂಚನ ಮಕ್ಕಳು ಮೊಮ್ಮಕ್ಕಳು ಆ ಸೀಮೆಯ ಹಟ್ಟಿಹಟ್ಟಿಯಲ್ಲೂ ಕೋಳಿ ಕಾದವು.