ತಿಪ್ಪೆಯ ಕುಂಬಳಕಾಯಿ

ಬಹಳ ಹಿಂದೆ, ಬಾವಿಗಳಿಗೆ ಮನುಷ್ಯರ ಮಾತು ಕೇಳಿಸುತ್ತಿದ್ದ ಕಾಲದಲ್ಲಿ, ಹಸುರಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹನ್ನೆರಡು ಮನೆಗೆ ಒಂದೇ ತೋಟ. ಯುಗಾದಿಯಂದು ಮನೆಮನೆಯವರೂ ಬಂದು ಗೊಬ್ಬರ ಸುರಿದು, ಒಂದು ದಿನ ಅಗೆದು ಪಾಲುದಾರರಾಗುತ್ತಿದ್ದರು. ಆಮೇಲೆ ಮನೆಗೆ ವಾರಕ್ಕೊಂದು ಬುಟ್ಟಿ. ಕಾಲ ಏನು ಕೊಟ್ಟಿತೋ ಅದು. ಹೆಚ್ಚು ಬೆಳೆದರೆ ಎಲ್ಲರಿಗೂ ಹೆಚ್ಚು, ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಒಬ್ಬರ ಪಾಲು ತಪ್ಪಿದರೂ ಬಾವಿ ಬತ್ತುತ್ತಿತ್ತು.

ತೋಟ ನೋಡಿಕೊಳ್ಳುತ್ತಿದ್ದವಳು ಕೆಂಚವ್ವ. ಅವಳ ತಾಯಿ ಸಾಯುವಾಗ ಬೀಜದ ಮಡಕೆಗಳನ್ನು ತೋರಿಸಿ, "ಇವು ಅಳೀದಂಗೆ ನೋಡ್ಕೊ ಮಗಾ" ಅಂದಿದ್ದಳು.

ಆ ಯುಗಾದಿಗೆ ಹದಿಮೂರನೆಯವನೊಬ್ಬ ಬಂದ. ಎಲ್ಲರಂತೆ ಗೊಬ್ಬರ ಸುರಿದ, ಎಲ್ಲರಂತೆ ಅಗೆದ. ಅವನು ಒಣಬಾಯಿ ಮಾಂತ್ರಿಕ ಎಂದು ತಿಳಿಯುವ ಹೊತ್ತಿಗೆ ಪಾಲು ಒಪ್ಪಿಯಾಗಿತ್ತು. ಅವನ ಮಂತ್ರ ಇಷ್ಟೇ: ತನ್ನ ಪಾಲಿಗೆ ಬಂದದ್ದನ್ನು ಅವನು ಕಚ್ಚಿದರೆ ಉಳಿದವರ ಪಾಲೂ ಬೂದಿ, ಬಳ್ಳಿಯೂ ಬೂದಿ, ಮಡಕೆಯ ಬೀಜವೂ ಬೂದಿ. ಬಾವಿ ಬತ್ತಿದ ತೋಟ ಅವನದಾಗುತ್ತಿತ್ತು.

ಮೊದಲ ವಾರ ಅವನು ಹಾಲುಗಾಯಿ ಕಚ್ಚಿದ. ನೀವು ಹಾಲುಗಾಯಿಯ ಹೆಸರು ಕೇಳಿರಲಾರಿರಿ. ಎಲ್ಲಿಂದ ಕೇಳುತ್ತೀರಿ? ಅವತ್ತೇ ಅದು ಬೂದಿಯಾಯಿತು.

ಎರಡನೆಯ ವಾರ ಅವನು ಮುತ್ತುಬೀನೆಯ ಕಾಯಿ ಕಚ್ಚಿದ. ಅದೂ ಹೋಯಿತು.

ಕೆಂಚವ್ವನಿಗೆ ಅನ್ನ ಸೇರಲಿಲ್ಲ. ಪಾಲು ಕೊಟ್ಟರೆ ಬೀಜ ಹೋಗುತ್ತದೆ, ಕೊಡದಿದ್ದರೆ ಬಾವಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವ್ವನ ಬೀಜವನ್ನು ತನ್ನ ಕೈಯಾರೆ ಕೊಂದೆನಲ್ಲ ಎಂದು ಅವಳು ಬಾವಿಕಟ್ಟೆಯ ಮೇಲೆ ಕೂತು ಅತ್ತಳು.

ಮೂರನೆಯ ವಾರಕ್ಕೆ ಉಳಿದದ್ದು ಕುಂಬಳಕಾಯಿ ಮಾತ್ರ. ಪಾಲುದಾರರಲ್ಲಿ ಚಿಕ್ಕತಾಯಮ್ಮನೆಂಬವಳ ಗೊಣಗಾಟ ಊರಿಗೇ ಗೊತ್ತು. ಬುಟ್ಟಿ ನೋಡಿ ಅವಳು, "ಮತ್ತೆ ಕುಂಬಳಕಾಯಾ? ವರ್ಷವರ್ಷಾನೂ ಇದರ ಹುಳಿ ತಿಂದೂ ತಿಂದೂ ನನ್ನ ಗಂಡ ತಟ್ಟೆ ಬಿಟ್ಟು ಏಳ್ತಾನೆ" ಅಂದಳು. ಮನೆಗೆ ಹೋದವಳೇ ಕಾಯಿಯನ್ನು ತಿಪ್ಪೆಗೆ ಎಸೆದಳು.

ಇತ್ತ ಕೆಂಚವ್ವ ಮಾಂತ್ರಿಕನಿಗೆ ಕೈಮುಗಿದಳು.

"ಇದೊಂದನ್ನ ಬಿಡು ಸ್ವಾಮಿ. ಹನ್ನೆರಡು ಮನೆ ಒಲೆ ಆರ್‍ತದೆ."

"ನಾನೂ ಅಗೆದಿದೀನಿ. ನನ್ನ ಪಾಲು ಕೊಡು" ಅಂದ ಮಾಂತ್ರಿಕ. ಅವನು ಕಚ್ಚಿದ. ತೋಟವೆಲ್ಲ ಬೂದಿಯಾಯಿತು.

ನಾಲ್ಕನೆಯ ವಾರ ಹದಿಮೂರು ಖಾಲಿ ಬುಟ್ಟಿಗಳು ಸಾಲಾಗಿ ಕೂತವು. ಬಾವಿಯ ನೀರು ಒಂದೊಂದೇ ಮೆಟ್ಟಿಲು ಇಳಿಯತೊಡಗಿತು. ಆಗ ಚಿಕ್ಕತಾಯಮ್ಮ ತಲೆ ತಗ್ಗಿಸಿಕೊಂಡು ಬಂದಳು. ಸೆರಗಿನಲ್ಲಿ ಸಗಣಿ ಮೆತ್ತಿದ ಕುಂಬಳಕಾಯಿ ಇತ್ತು.

"ತಪ್ಪಾಯ್ತು ಕಣವ್ವ. ಬೇಡಾಂತ ಎಸೆದಿದ್ದೆ. ಎಲ್ಲರದ್ದೂ ಬೂದಿಯಾದ್ರೂ ಇದು ಹಂಗೇ ಬಿದ್ದಿತ್ತು."

ಕೆಂಚವ್ವನಿಗೆ ಸಂತೋಷವಾಗಲಿಲ್ಲ. ಇದೂ ಅವನ ಬಾಯಿಗೇ ತಾನೆ ಅಂದುಕೊಂಡಳು. ಆದರೂ ಹದಿಮೂರು ಪಾಲು ಮಾಡಲೆಂದು ಕಾಯಿಯನ್ನು ಬುಟ್ಟಿಗಳ ಮುಂದಿಟ್ಟು ಕತ್ತಿ ತರಲು ಒಳಗೆ ಹೋದಳು.

ಕೊನೆಯ ಕಾಯಿ ಎದುರಿಗಿದ್ದಾಗ ತನ್ನ ಬುಟ್ಟಿಯ ಬಳಿ ಕಾದಿದ್ದ ಮಾಂತ್ರಿಕನಿಗೆ ತಾಳ್ಮೆ ಎಲ್ಲಿಯದು? ಕಸಿದುಕೊಂಡು ಕಚ್ಚಿಯೇಬಿಟ್ಟ. ಮಂತ್ರ ಹೊರಟು ಅದು ಯಾರ ಪಾಲೆಂದು ಹುಡುಕಿತು. ಚಿಕ್ಕತಾಯಮ್ಮ ಬಿಸಾಕಿದ್ದಳು, ಕೆಂಚವ್ವ ಇನ್ನೂ ಹಂಚಿರಲಿಲ್ಲ; ಅದು ಯಾರ ಪಾಲೂ ಆಗಿರಲಿಲ್ಲ. ಹಿಡಿಯಲು ಏನೂ ಸಿಗದೆ ಮಂತ್ರ ಕಚ್ಚಿದವನಿಗೇ ತಿರುಗಿತು. ಕತ್ತಿ ಹಿಡಿದು ಬಂದ ಕೆಂಚವ್ವನಿಗೆ ಕಂಡದ್ದು ಒಂದು ಹಿಡಿ ಬೂದಿ, ಒಂದು ಕಚ್ಚಿದ ಕಾಯಿ. ಕಾಯಿಯೊಳಗೆ ಬೀಜ ತುಂಬಿತ್ತು. ಬಾವಿಯ ನೀರು ಮೇಲೇರಿತು.

ಮರುವರ್ಷ ಬಳ್ಳಿ ಬೇಲಿಯನ್ನೇ ಮುಚ್ಚಿತು. ವಾರವಾರವೂ ಕುಂಬಳಕಾಯಿ. ಚಿಕ್ಕತಾಯಮ್ಮ ಗೊಣಗುತ್ತ ಒಯ್ದಳು, ಗೊಣಗುತ್ತ ಬೇಯಿಸಿದಳು, ಎಸೆಯಲಿಲ್ಲ. ಹನ್ನೆರಡು ಮನೆಯವರೂ ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು. ಕೆಂಚವ್ವನೂ ಬಾಳಿದಳು. ಪ್ರತಿ ಯುಗಾದಿಗೆ ಅವಳು ಹಾಲುಗಾಯಿ ಮತ್ತು ಮುತ್ತುಬೀನೆಯ ಖಾಲಿ ಮಡಕೆಗಳನ್ನು ಇಳಿಸಿ, ತೊಳೆದು, ಬಿಸಿಲಿಗಿಟ್ಟು, ಮತ್ತೆ ಮೇಲಿಡುತ್ತಿದ್ದಳು.